ಬೈಕಿನ ಚೈನ್ ಹದಮಾಡುವ ಕ್ರಮ, ನಟ್ಟು-ಬೋಲ್ಟು ಸಡಿಲವಾಗದಂತೆ ಕಾಯುವ ಬಗೆ

ಚೈನ್ ಬಿಗಿಮಾಡಬೇಕಾದರೆ ಮೊದಲು ಹಿಂದಿನ ಚಕ್ರವನ್ನು ಬೈಕಿಗೆ ಹಿಡಿದು ನಿಲ್ಲಿಸಿರುವ ಆಕ್ಸಲ್ ನಟ್ಟನ್ನೇ ಸಡಿಲಿಸಬೇಕಾಗುತ್ತದೆ. ಚೈನ್ ಎಷ್ಟು ಬಿಗಿಯಿರಬೇಕೆಂಬುದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಸಡಿಲಿಸಿದ ನಟ್ಟನ್ನು ಮರಳಿ ಹೇಗೆ ಕೂರಿಸಬೇಕು, ಅದು ದಾರಿಯಲ್ಲಿ ಕಳಚಿಕೊಳ್ಳದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ಹೇಳುವವರು ಕಡಿಮೆ. ಆದ್ದರಿಂದ ಈ ಎರಡನ್ನೂ ಒಂದೇ ಕೆಲಸವೆಂದು ಎಣಿಸಿ ಇಲ್ಲಿ ವಿವರಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಚೈನ್ ಬಿಗಿಮಾಡಿಸಿಕೊಂಡು, ಮೂರನೆಯ ದಿನ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಹಿಂದಿನ ಬ್ರೇಕ್ ಒತ್ತಿದ ಕೂಡಲೇ ಕೆಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬಂತು. ಬದಿಗೆ ನಿಲ್ಲಿಸಿ ನೋಡಿದರೆ, ಬ್ರೇಕ್ ಡ್ರಮ್ಮಿನ ಪ್ಲೇಟು ಚಕ್ರದೊಂದಿಗೆ ತಿರುಗದಂತೆ ಹಿಡಿದಿರುವ ಉದ್ದನೆಯ ಪಟ್ಟಿಯ ನಟ್ಟು ಕೊನೆಯ ಎರಡು ಸುತ್ತಿನ ಮೇಲೆ ನಿಂತಿತ್ತು. ನಟ್ಟು ಕಳಚದಂತೆ ಬೋಲ್ಟಿನ ತೂತಿನಲ್ಲಿ ತೂರಿಸಿ ಕಾಲು ಬಾಗಿಸುವ ಸ್ಪ್ಲಿಟ್ ಪಿನ್ ಅದರಲ್ಲಿರಲಿಲ್ಲ. ಆ ನಟ್ಟು ಪೂರ್ತಿ ಬಿದ್ದುಹೋಗಿ ಪಟ್ಟಿ ಕಳಚಿಕೊಂಡಿದ್ದರೆ, ಬ್ರೇಕ್ ಒತ್ತಿದಾಗ ಪ್ಲೇಟೇ ತಿರುಗಿ, ಬ್ರೇಕ್ ರಾಡನ್ನು ಎಳೆದು, ಚಕ್ರ ಥಟ್ಟನೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಚೈನಂತೂ ಹೇಳಿದ ಅಳತೆಗೆ ಸರಿಯಾಗಿಯೇ ಇತ್ತು. ಅಂದಿನಿಂದ ಈ ಕೆಲಸವನ್ನು ನಾನೇ ಮಾಡಿಕೊಳ್ಳುತ್ತಿದ್ದೇನೆ.

ನಮ್ಮ ಊರುಗಳಲ್ಲಿ ಅತಿ ಹೆಚ್ಚು ಓಡುವ, ಹಿಂದೆ ಡ್ರಮ್ ಬ್ರೇಕ್ ಇರುವ 100ರಿಂದ 150 ಸಿಸಿಯ ಬೈಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬುಲೆಟ್ಟಿನಂತಹ ಬೈಕುಗಳಿಗೂ ಹಿಂದೆ ಡಿಸ್ಕ್ ಬ್ರೇಕ್ ಇರುವವಕ್ಕೂ ಬೇರೆಯಾಗುವ ಅಂಶಗಳನ್ನು ಆಯಾ ಜಾಗದಲ್ಲಿ ಹೇಳಿದ್ದೇನೆ.

ಚೈನಿಗೆ ಸಡಿಲು ಏಕೆ ಬೇಕು

ಹೊಸಬರು ಮಾಡುವ ಮೊದಲ ತಪ್ಪೆಂದರೆ ಚೈನನ್ನು ತಂತಿಯಂತೆ ಬಿಗಿದುಬಿಡುವುದು. ಬೈಕು ಹಳ್ಳಕ್ಕೆ ಇಳಿದಾಗ ಹಿಂದಿನ ಚಕ್ರ, ಅದನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಎಂಬ ತೋಳಿನ ಕೀಲಿನ ಸುತ್ತ ಮೇಲೆ ಕೆಳಗೆ ಆಡುತ್ತದೆ. ಆದರೆ ಎಂಜಿನ್ನಿನಿಂದ ಹೊರಬಂದಿರುವ ಮುಂದಿನ ಸಣ್ಣ ಸ್ಪ್ರಾಕೆಟ್ಟು, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ, ಆ ಕೀಲಿನ ಜಾಗದಲ್ಲೇ ಇರುವುದಿಲ್ಲ, ಅದಕ್ಕಿಂತ ಸ್ವಲ್ಪ ಮುಂದಿರುತ್ತದೆ. ಹೀಗಾಗಿ ಚಕ್ರ ಆಡಿದಂತೆಲ್ಲ ಎರಡು ಸ್ಪ್ರಾಕೆಟ್ಟುಗಳ ನಡುವಿನ ದೂರ ಬದಲಾಗುತ್ತಿರುತ್ತದೆ. ಮುಂದಿನ ಸ್ಪ್ರಾಕೆಟ್ಟು, ಕೀಲು ಮತ್ತು ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಯಲ್ಲಿ ಬಂದಾಗ ಆ ದೂರ ಅತಿ ಹೆಚ್ಚಾಗಿರುತ್ತದೆ. ಖಾಲಿ ನಿಂತಿರುವಾಗ ಚೈನಿನಲ್ಲಿ ಕಾಣುವ ಸಡಿಲು ಆ ಗಳಿಗೆಗೆಂದು ಕೂಡಿಟ್ಟದ್ದು. ಅದಿಲ್ಲದಿದ್ದರೆ ಇಬ್ಬರು ಕುಳಿತು ಹಂಪು ದಾಟುವಾಗ ಚೈನ್ ಎರಡೂ ಸ್ಪ್ರಾಕೆಟ್ಟುಗಳನ್ನು ಪರಸ್ಪರ ಎಳೆದು, ಗೇರ್ ಬಾಕ್ಸಿನ ಶಾಫ್ಟಿನ ಬೇರಿಂಗಿಗೂ ಹಿಂದಿನ ಚಕ್ರದ ಬೇರಿಂಗಿಗೂ ಪೆಟ್ಟು ಕೊಡುತ್ತದೆ. ಚೈನ್ ಬದಲಾಯಿಸುವ ಖರ್ಚಿಗೂ ಎಂಜಿನ್ ಬಿಚ್ಚಿ ಬೇರಿಂಗ್ ಹಾಕಿಸುವ ಖರ್ಚಿಗೂ ಎಷ್ಟು ಅಂತರವಿದೆಯೆಂಬುದು ಒಮ್ಮೆ ಅನುಭವಿಸಿದವರಿಗೆ ಗೊತ್ತು. ಅತಿ ಸಡಿಲವಿದ್ದರೂ ಅಪಾಯವೇ: ಚೈನ್ ಹಲ್ಲಿನಿಂದ ಜಾರಿ, ಎಂಜಿನ್ ಕೇಸಿಗೆ ಬಡಿಯಬಹುದು ಅಥವಾ ಸ್ಪ್ರಾಕೆಟ್ಟಿನಲ್ಲಿ ಸಿಕ್ಕಿಕೊಂಡು ಚಕ್ರವನ್ನೇ ಹಿಡಿದುಬಿಡಬಹುದು.

ಬಳಸುತ್ತ ಹೋದಂತೆ ಚೈನ್ ಉದ್ದವಾಗುತ್ತದೆಯೆಂದು ನಾವು ಹೇಳುತ್ತೇವಾದರೂ ಅದರ ಉಕ್ಕು ರಬ್ಬರಿನಂತೆ ಹಿಗ್ಗುವುದಿಲ್ಲ. ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ 1880ರಲ್ಲಿ ರೂಪಿಸಿದ ಬುಷ್ ರೋಲರ್ ಚೈನಿನ ರಚನೆಯೇ ಇಂದಿಗೂ ನಮ್ಮ ಬೈಕುಗಳಲ್ಲಿದೆ. ಪ್ರತಿ ಕೊಂಡಿಯಲ್ಲೂ ಒಂದು ಪಿನ್, ಅದರ ಸುತ್ತ ಬುಷ್, ಬುಷ್ಷಿನ ಮೇಲೆ ಉರುಳುವ ರೋಲರ್. ಪಿನ್ನೂ ಬುಷ್ಷೂ ಒಂದಕ್ಕೊಂದು ಉಜ್ಜಿ ಸವೆಯುತ್ತವೆ. ಒಂದೊಂದು ಕೀಲಿನಲ್ಲಿ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ ಸವೆದರೂ, ನೂರಕ್ಕೂ ಹೆಚ್ಚು ಕೊಂಡಿಗಳಿರುವ ಚೈನ್ ಒಟ್ಟಾರೆ 1 ಮಿ.ಮೀ.ಗಿಂತ ಹೆಚ್ಚು ಉದ್ದವಾಗುತ್ತದೆ. ಎಣ್ಣೆಯಿಲ್ಲದೆ ಓಡಿಸಿದ ಚೈನ್ ಬೇಗ ಬೇಗ ಸಡಿಲವಾಗುವುದಕ್ಕೆ ಕಾರಣ ಇದೇ.

ಮೊದಲು ಚೈನ್ ಉಳಿಸಿಕೊಳ್ಳಲು ಯೋಗ್ಯವೇ ನೋಡಿ

ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಗಟ್ಟಿ ನೆಲದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಗೇರನ್ನು ನ್ಯೂಟ್ರಲ್ಲಿಗೆ ತನ್ನಿ. ಎಂಜಿನ್ ಚಾಲೂ ಮಾಡಿ ಗೇರು ಹಾಕಿ ಚಕ್ರ ತಿರುಗುತ್ತಿರುವಾಗ ಚೈನ್ ಒರೆಸುವವರನ್ನು, ಎಣ್ಣೆ ಬಿಡುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಎಂದಿಗೂ ಹಾಗೆ ಮಾಡಬೇಡಿ. ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಬಟ್ಟೆ ಸಿಕ್ಕಿಕೊಂಡರೆ ಅದರ ಹಿಂದೆಯೇ ಬೆರಳೂ ಹೋಗುತ್ತದೆ. ಇಲ್ಲಿ ಹೇಳಿರುವ ಎಲ್ಲ ಕೆಲಸಕ್ಕೂ ಚಕ್ರವನ್ನು ಕೈಯಿಂದ ತಿರುಗಿಸಿದರೆ ಸಾಕು.

ಚೈನನ್ನು ಸೀಮೆಎಣ್ಣೆಯಲ್ಲಿ ಅಥವಾ ಡೀಸೆಲ್‌ನಲ್ಲಿ ಅದ್ದಿದ ಮೃದುವಾದ ಬ್ರಷ್ಷಿನಿಂದ ತಿಕ್ಕಿ, ಒಣಬಟ್ಟೆಯಿಂದ ಒರೆಸಿ. ಕೊಂಡಿಗಳ ಬದಿಯ ಪಟ್ಟಿಗಳ ನಡುವೆ ಸಣ್ಣ ರಬ್ಬರ್ ಉಂಗುರಗಳು ಕಾಣುವ ಚೈನಾಗಿದ್ದರೆ ಪೆಟ್ರೋಲನ್ನಾಗಲಿ ತಂತಿ ಬ್ರಷ್ಷನ್ನಾಗಲಿ ಮುಟ್ಟಿಸಬೇಡಿ. ಪಿನ್ನುಗಳ ಒಳಗೆ ಕಾರ್ಖಾನೆಯಲ್ಲೇ ತುಂಬಿದ ಗ್ರೀಸನ್ನು ಕಾಯುವುದು ಆ ಉಂಗುರಗಳೇ. ಸ್ಪ್ಲೆಂಡರಿನಂತಹ ಬೈಕುಗಳಲ್ಲಿ ಚೈನ್ ಪೂರ್ತಿ ಕವರಿನ ಒಳಗಿರುತ್ತದೆ, ನೋಡಲು ರಬ್ಬರ್ ಮುಚ್ಚಳವಿರುವ ಒಂದು ಕಿಂಡಿ ಮಾತ್ರ ಇರುತ್ತದೆ. ತಿಂಗಳಿಗೊಮ್ಮೆ ಸಡಿಲು ನೋಡಲು ಆ ಕಿಂಡಿ ಸಾಕು. ಸವೆತ ನೋಡಬೇಕಾದಾಗ ಮಾತ್ರ ಕವರ್ ಬಿಚ್ಚಲೇಬೇಕು.

ಸವೆತ ತಿಳಿಯಲು ಎರಡು ಪರೀಕ್ಷೆಗಳಿವೆ. ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಚೈನನ್ನು ಎರಡು ಬೆರಳಿನಿಂದ ಹಿಡಿದು ಹಿಂದಕ್ಕೆ ಎಳೆಯಿರಿ. ಹಲ್ಲಿನ ಅರ್ಧದಷ್ಟು ಹೊರಗೆ ಕಾಣುವಷ್ಟು ಚೈನ್ ಎದ್ದು ಬಂದರೆ ಅದರ ಕಾಲ ಮುಗಿದಿದೆ. ಇನ್ನೂ ಖಚಿತವಾಗಿ ತಿಳಿಯಬೇಕಾದರೆ ಅಳತೆಪಟ್ಟಿ ಹಿಡಿಯಿರಿ. ಚೈನಿನ ಪಟ್ಟಿಯ ಮೇಲೆ 428 ಎಂದಿದ್ದರೆ, ಮೊದಲ ಅಂಕಿ 4 ಎಂಬುದು ಒಂದು ಪಿನ್ನಿನಿಂದ ಇನ್ನೊಂದಕ್ಕೆ ಇರುವ ದೂರ ಅಂಗುಲದ ಎಂಟನೆಯ ನಾಲ್ಕು ಭಾಗ, ಅಂದರೆ 12.7 ಮಿ.ಮೀ. ಎಂದು ಹೇಳುತ್ತದೆ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು 21 ಪಿನ್ನುಗಳನ್ನು ಎಣಿಸಿದರೆ ಮೊದಲನೆಯದರ ನಡುವಿನಿಂದ ಕೊನೆಯದರ ನಡುವಿಗೆ ಹೊಸ ಚೈನಿನಲ್ಲಿ 254 ಮಿ.ಮೀ. ಇರುತ್ತದೆ. ಇದು 259 ಮಿ.ಮೀ. ತಲುಪಿದರೆ ಸುಮಾರು ನೂರಕ್ಕೆ ಎರಡರಷ್ಟು ಸವೆದಿದೆ ಎಂದರ್ಥ. ಅಂತಹ ಚೈನನ್ನು ಇನ್ನೂ ಎಳೆದು ಬಿಗಿಮಾಡುವುದು ವ್ಯರ್ಥ. 520 ಚೈನಿನಲ್ಲಿ ಇದೇ ಅಳತೆ ಹೊಸದರಲ್ಲಿ 317.5 ಮಿ.ಮೀ., ಬದಲಾಯಿಸಬೇಕಾದಾಗ ಸುಮಾರು 323 ಮಿ.ಮೀ. ಬದಲಾಯಿಸುವಾಗ ಚೈನ್ ಮತ್ತು ಎರಡೂ ಸ್ಪ್ರಾಕೆಟ್ಟುಗಳಿರುವ ಕಿಟ್ಟನ್ನೇ ಹಾಕಿಸಿ. ಸವೆದು ಕೊಕ್ಕೆಯಂತಾದ ಹಲ್ಲುಗಳ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಆಕ್ಸಿಲರೇಟರ್ ಬಿಟ್ಟು ಹಿಡಿದಾಗ ಬೈಕು ಝಟ್ಟನೆ ಎಳೆಯುತ್ತಿದ್ದರೆ ಅನೇಕರು ಚೈನನ್ನೇ ದೂರಿ ಮತ್ತೆ ಮತ್ತೆ ಬಿಗಿಮಾಡಿಸುತ್ತಾರೆ. ಹಿಂದಿನ ಸ್ಪ್ರಾಕೆಟ್ಟಿಗೂ ಚಕ್ರಕ್ಕೂ ನಡುವೆ ಪೆಟ್ಟು ಹೀರಿಕೊಳ್ಳುವ ಡ್ರಮ್ ರಬ್ಬರುಗಳಿರುತ್ತವೆ. ಕೆಲವರು ಕಪ್ಲಿಂಗ್ ರಬ್ಬರ್ ಎನ್ನುತ್ತಾರೆ. ಚಕ್ರವನ್ನು ಗಟ್ಟಿಯಾಗಿ ಹಿಡಿದು ಸ್ಪ್ರಾಕೆಟ್ಟನ್ನು ಹಿಂದಕ್ಕೆ ಮುಂದಕ್ಕೆ ಆಡಿಸಿದಾಗ ಅದು ಚಕ್ರದಿಂದ ಬೇರೆಯಾಗಿ ಸಲೀಸಾಗಿ ಆಡುತ್ತಿದ್ದರೆ ರಬ್ಬರು ಸವೆದಿದೆ. ಅದನ್ನು ಬದಲಿಸದೆ ಚೈನನ್ನು ಎಷ್ಟು ಬಿಗಿದರೂ ಆ ಎಳೆತ ನಿಲ್ಲುವುದಿಲ್ಲ.

ಸಡಿಲನ್ನು ಅಳೆಯುವುದು

ಕೆಳಗಿನ ಚೈನಿನ ನಟ್ಟನಡುವೆ, ಎರಡು ಸ್ಪ್ರಾಕೆಟ್ಟುಗಳಿಂದ ಸಮದೂರದಲ್ಲಿ, ಒಂದು ಸ್ಕೇಲನ್ನು ನೇರವಾಗಿ ನಿಲ್ಲಿಸಿ. ಚೈನನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ಒಂದು ಅಂಕಿಯನ್ನೂ ಮೇಲಕ್ಕೆ ತಳ್ಳಿ ಇನ್ನೊಂದು ಅಂಕಿಯನ್ನೂ ಓದಿಕೊಳ್ಳಿ. ಇವೆರಡರ ವ್ಯತ್ಯಾಸವೇ ಸಡಿಲು. ಮೆಕ್ಯಾನಿಕ್ಕುಗಳು ಇದನ್ನು ಪ್ಲೇ ಎನ್ನುತ್ತಾರೆ. ಸಾಮಾನ್ಯ ಬೈಕುಗಳಲ್ಲಿ ಇದು 20ರಿಂದ 30 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಎತ್ತರದ ಸಸ್ಪೆನ್ಷನ್ ಇರುವ ಬೈಕುಗಳಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ನಿಮ್ಮ ಬೈಕಿನ ಅಂಕಿಯನ್ನು ಅದರ ಮ್ಯಾನುಯಲ್ಲಿನಿಂದಲೇ ತೆಗೆದುಕೊಳ್ಳಿ. ಅಳೆಯುವಾಗ ಬೈಕು ಸೆಂಟರ್ ಸ್ಟ್ಯಾಂಡಿನ ಮೇಲಿರಬೇಕೋ ಸೈಡ್ ಸ್ಟ್ಯಾಂಡಿನ ಮೇಲಿರಬೇಕೋ ಎಂಬುದೂ ಅದರಲ್ಲಿರುತ್ತದೆ. ಒಂದು ರೀತಿಯಲ್ಲಿ ನಿಲ್ಲಿಸಲು ಹೇಳಿದ ಅಳತೆಯನ್ನು ಇನ್ನೊಂದು ರೀತಿಯಲ್ಲಿ ನಿಲ್ಲಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ.

ಒಂದು ಕಡೆ ಅಳೆದು ನಿಲ್ಲಿಸಬೇಡಿ. ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಐದಾರು ಕಡೆ ನೋಡಿದರೆ ಚೈನ್ ಎಲ್ಲ ಕಡೆಯೂ ಒಂದೇ ಸಮನೆ ಸವೆದಿಲ್ಲವೆಂಬುದು ತಿಳಿಯುತ್ತದೆ. ಎಲ್ಲಿ ಅತಿ ಬಿಗಿಯಾಗಿದೆಯೋ ಅಲ್ಲಿ ಚಾಕ್ ಪೀಸಿನಿಂದ ಚೈನಿನ ಮೇಲೆಯೇ ಗುರುತು ಹಾಕಿ, ಆ ಜಾಗದಲ್ಲೇ ಹದಮಾಡಬೇಕು. ಸಡಿಲವಿರುವ ಜಾಗದಲ್ಲಿ ಅಳತೆ ಕೂರಿಸಿದರೆ ಚಕ್ರದ ಪ್ರತಿ ಕೆಲವು ಸುತ್ತಿಗೊಮ್ಮೆ ಚೈನ್ ಬಿಗಿದು ಎಳೆಯುತ್ತದೆ. ಅತಿ ಬಿಗಿ ಮತ್ತು ಅತಿ ಸಡಿಲ ಜಾಗಗಳ ನಡುವಿನ ವ್ಯತ್ಯಾಸ ತುಂಬ ಹೆಚ್ಚಿದ್ದರೆ, ಅಥವಾ ಕೆಲವು ಕೊಂಡಿಗಳು ಮಡಚಿದಂತೆಯೇ ನಿಂತು ನೇರವಾಗದಿದ್ದರೆ, ಹೊಸ ಚೈನೇ ದಾರಿ.

ಬಿಗಿಮಾಡುವುದು

ಡ್ರಮ್ ಬ್ರೇಕಿನ ಬೈಕಾಗಿದ್ದರೆ ಮೊದಲಿಗೆ ಬ್ರೇಕ್ ರಾಡಿನ ತುದಿಯಲ್ಲಿರುವ ಹೊಂದಿಸುವ ನಟ್ಟನ್ನು ಕೆಲವು ಸುತ್ತು ಸಡಿಲಿಸಿ. ಚಕ್ರ ಹಿಂದಕ್ಕೆ ಸರಿದಾಗ ಡ್ರಮ್ ಪ್ಲೇಟೂ ಅದರೊಂದಿಗೆ ಹಿಂದಕ್ಕೆ ಹೋಗುತ್ತದೆ. ರಾಡು ಮಾತ್ರ ಮುಂದಿನ ಪೆಡಲಿಗೆ ಕಟ್ಟಿಕೊಂಡಿರುವುದರಿಂದ ಬ್ರೇಕ್ ತಾನಾಗಿಯೇ ಬಿಗಿಯಾಗುತ್ತದೆ. ಇದನ್ನು ಮರೆತು ಹತ್ತಾರು ಕಿಲೋಮೀಟರು ಓಡಿಸಿದರೆ ಡ್ರಮ್ಮು ಮುಟ್ಟಲಾಗದಷ್ಟು ಕಾಯುತ್ತದೆ. ಆಮೇಲೆ ಡ್ರಮ್ ಪ್ಲೇಟು ತಿರುಗದಂತೆ ಹಿಡಿದಿರುವ ಬ್ರೇಕಿನ ಪಟ್ಟಿಯ ನಟ್ಟಿನಲ್ಲಿರುವ ಸ್ಪ್ಲಿಟ್ ಪಿನ್ ತೆಗೆದು ಆ ನಟ್ಟನ್ನು ಸ್ವಲ್ಪ ಸಡಿಲಿಸಿ. ನಂತರ ಆಕ್ಸಲ್ ನಟ್ಟು. ಸ್ಪ್ಲೆಂಡರ್ ಬಗೆಯ ಬೈಕುಗಳಲ್ಲಿ ಚೈನಿನ ಬದಿಯಲ್ಲಿ ಸ್ಪ್ರಾಕೆಟ್ಟಿನ ಭಾಗವನ್ನು ಹಿಡಿದಿರುವ ಸ್ಲೀವ್ ನಟ್ಟು ಎಂಬ ದೊಡ್ಡ ನಟ್ಟು ಬೇರೆ ಇರುತ್ತದೆ. ಅದನ್ನೂ ಸಡಿಲಿಸದೆ, ಆಕ್ಸಲ್ಲನ್ನು ಹಿಂದಕ್ಕೆ ಎಳೆಯುವ ಅಡ್ಜಸ್ಟರನ್ನು ತಿರುಗಿಸಿದರೆ ಒಂದು ಬದಿ ಮಾತ್ರ ಸರಿದು ಚಕ್ರ ಓರೆಯಾಗುತ್ತದೆ. ಯಾವ ನಟ್ಟನ್ನೂ ಆಕ್ಸಲ್ ಜಾರುವುದಕ್ಕೆ ಬೇಕಾದಷ್ಟೇ ಸಡಿಲಿಸಿದರೆ ಸಾಕು, ಪೂರ್ತಿ ಬಿಚ್ಚುವ ಅಗತ್ಯವಿಲ್ಲ. ಈ ದೊಡ್ಡ ನಟ್ಟುಗಳಿಗೆ ರಿಂಗ್ ಸ್ಪ್ಯಾನರನ್ನೇ ಬಳಸಿ. ಬಾಯಿ ತೆರೆದ ಸ್ಪ್ಯಾನರ್ ಜಾರಿದರೆ ನಟ್ಟಿನ ಮೂಲೆಗಳು ದುಂಡಗಾಗಿ ಮುಂದೆ ಯಾರಿಗೂ ಅದನ್ನು ಬಿಚ್ಚಲಾಗದ ಸ್ಥಿತಿ ಬರುತ್ತದೆ.

ಈಗ ಎರಡೂ ಬದಿಯ ಅಡ್ಜಸ್ಟರಿನ ಲಾಕ್ ನಟ್ಟನ್ನು ಸಡಿಲಿಸಿ, ಅಡ್ಜಸ್ಟರ್ ನಟ್ಟನ್ನು ತಿರುಗಿಸಬೇಕು. ಎಷ್ಟು ಎಂಬುದೇ ಇಲ್ಲಿನ ಸೂಕ್ಷ್ಮ. 8 ಮಿ.ಮೀ. ಬೋಲ್ಟಿನ ಸಾಮಾನ್ಯ ಥ್ರೆಡ್ಡಿನಲ್ಲಿ ಒಂದು ಪೂರ್ತಿ ಸುತ್ತಿಗೆ ಆಕ್ಸಲ್ 1.25 ಮಿ.ಮೀ. ಸರಿಯುತ್ತದೆ. ಎರಡು ಸ್ಪ್ರಾಕೆಟ್ಟುಗಳ ನಡುವೆ ಸುಮಾರು 58 ಸೆಂ.ಮೀ. ಇರುವ ಬೈಕಿನಲ್ಲಿ 40 ಮಿ.ಮೀ. ಜೋತಿರುವ ಚೈನನ್ನು 25 ಮಿ.ಮೀ.ಗೆ ತರಲು ಆಕ್ಸಲ್ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ ಸರಿದರೆ ಸಾಕೆಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಅಂದರೆ ಅಡ್ಜಸ್ಟರನ್ನು ತಿರುಗಿಸಬೇಕಾದ್ದು ಸುಮಾರು ಮೂರನೆಯ ಒಂದು ಸುತ್ತು ಮಾತ್ರ. ಚೈನ್ ಬಹಳ ಜೋತಿದೆಯೆಂದು ಕಂಡು ಎರಡು ಮೂರು ಸುತ್ತು ತಿರುಗಿಸಿಬಿಡುವುದರಿಂದಲೇ ಅದು ತಂತಿಯಾಗುವುದು. ಬಲಬದಿಯ ಅಡ್ಜಸ್ಟರಿಗೆ ಕಾಲು ಸುತ್ತು, ಎಡಬದಿಯದಕ್ಕೂ ಅಷ್ಟೇ ಕಾಲು ಸುತ್ತು, ಮತ್ತೆ ಅಳತೆ. ಈ ಕ್ರಮ ಬಿಡಬೇಡಿ. ಅಕಸ್ಮಾತ್ ಹೆಚ್ಚು ಬಿಗಿಯಾದರೆ ಅಡ್ಜಸ್ಟರನ್ನು ಹಿಂದಕ್ಕೆ ತಿರುಗಿಸುವುದಷ್ಟೇ ಸಾಲದು, ಚಕ್ರವನ್ನು ಹಿಂದಿನಿಂದ ಅಂಗೈಯಲ್ಲಿ ತಟ್ಟಿ ಮುಂದಕ್ಕೆ ಕೂರಿಸಿ ಆಮೇಲೆ ಅಳೆಯಿರಿ.

ಬುಲೆಟ್ ಮತ್ತು ಕ್ಲಾಸಿಕ್ 350ರಂತಹ ಬೈಕುಗಳಲ್ಲಿ ಅಡ್ಜಸ್ಟರ್ ಬೋಲ್ಟಿನ ಬದಲು ಬಸವನಹುಳದ ಚಿಪ್ಪಿನಂತೆ ಸುರುಳಿಯಾಗಿರುವ, ಅಂಚಿನಲ್ಲಿ ಕಚ್ಚುಗಳಿರುವ ತಟ್ಟೆಗಳನ್ನು ಕಾಣಬಹುದು. ಆ ತಟ್ಟೆಯನ್ನು ತಿರುಗಿಸಿ ಎರಡೂ ಬದಿಯಲ್ಲಿ ಒಂದೇ ಸಂಖ್ಯೆಯ ಕಚ್ಚಿಗೆ ಕೂರಿಸಬೇಕು. ಕಚ್ಚಿನಿಂದ ಕಚ್ಚಿಗೆ ಹೋಗುವುದರಿಂದ ನಡುವಿನ ಅಳತೆ ಸಿಗದಿದ್ದಾಗ ಬಿಗಿಗಿಂತ ಸಡಿಲದ ಕಡೆಗಿರುವ ಕಚ್ಚನ್ನೇ ನಾನು ಆರಿಸಿಕೊಳ್ಳುತ್ತೇನೆ.

ಚಕ್ರ ನೇರವಿದೆಯೇ

ಸ್ವಿಂಗ್ ಆರ್ಮಿನ ಎರಡೂ ಬದಿಯಲ್ಲಿ ಗೀರುಗಳಿರುತ್ತವೆ. ಅವು ಸರಿಸಮ ಬಂದರೆ ಚಕ್ರ ನೇರವಿದೆಯೆಂದು ನಂಬಲಾಗುತ್ತದೆ. ಆರಂಭಕ್ಕೆ ಅವನ್ನೇ ಆಧಾರವಾಗಿಟ್ಟುಕೊಳ್ಳಿ, ಆದರೆ ಒಮ್ಮೆಯಾದರೂ ಬೇರೆ ರೀತಿಯಲ್ಲಿ ಪರೀಕ್ಷಿಸಿ. ಗಟ್ಟಿ ತಂತಿಯೊಂದರ ತುದಿಯನ್ನು ಸ್ವಿಂಗ್ ಆರ್ಮ್ ಕೀಲಿನ ಬೋಲ್ಟಿನ ನಡುವಿಗೆ ಇಟ್ಟು, ಆಕ್ಸಲ್ಲಿನ ನಡುವಿಗೆ ಬರುವ ಜಾಗದಲ್ಲಿ ತಂತಿಯ ಮೇಲೆ ಗುರುತು ಮಾಡಿ, ಅದೇ ತಂತಿಯನ್ನು ಇನ್ನೊಂದು ಬದಿಗೆ ಹಿಡಿದು ನೋಡಿ. ಎರಡೂ ಬದಿಯ ದೂರ ಒಂದೇ ಆಗಿದ್ದರೆ ಗೀರುಗಳನ್ನು ಮುಂದೆಯೂ ನಂಬಬಹುದು. ಬೇರೆಯಾಗಿದ್ದರೆ ಎಷ್ಟು ವ್ಯತ್ಯಾಸವೆಂಬುದನ್ನು ಬರೆದಿಟ್ಟುಕೊಂಡು ಪ್ರತಿ ಸಲವೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳ ಒಂದೇ ಮಗ್ಗುಲು ಉಜ್ಜಿ ಹೊಳೆಯುತ್ತಿದ್ದರೆ ಚಕ್ರ ಬಹಳ ದಿನಗಳಿಂದ ಓರೆಯಾಗಿಯೇ ಓಡುತ್ತಿದೆ ಎಂದು ತಿಳಿಯಿರಿ.

ಮರಳಿ ಬಿಗಿಯುವುದು

ಆಕ್ಸಲ್ ನಟ್ಟು ಬಿಗಿಯುವಾಗ ಆಕ್ಸಲ್ ಅಡ್ಜಸ್ಟರಿನಿಂದ ಸ್ವಲ್ಪ ಹಿಂದಕ್ಕೆ ಜಾರಿ ಚೈನ್ ಮತ್ತಷ್ಟು ಬಿಗಿಯಾಗುವುದುಂಟು. ಇದನ್ನು ತಡೆಯಲು, ಮಡಚಿದ ಬಟ್ಟೆಯನ್ನು ಕೆಳಗಿನ ಚೈನ್ ಹಿಂದಿನ ಸ್ಪ್ರಾಕೆಟ್ಟಿಗೆ ಸೇರುವ ಜಾಗದಲ್ಲಿಟ್ಟು, ಬೆರಳುಗಳನ್ನು ಪೂರ್ತಿ ದೂರ ತೆಗೆದ ಮೇಲೆ, ಚಕ್ರವನ್ನು ಕೈಯಿಂದ ನಿಧಾನವಾಗಿ ಮುಂದಕ್ಕೆ ತಿರುಗಿಸಿ. ಬಟ್ಟೆ ಸಿಕ್ಕಿಕೊಂಡು ಚೈನ್ ಬಿಗಿದು, ಆಕ್ಸಲ್ಲನ್ನು ಅಡ್ಜಸ್ಟರಿಗೆ ಒತ್ತಿ ಹಿಡಿಯುತ್ತದೆ. ಆ ಸ್ಥಿತಿಯಲ್ಲೇ ನಟ್ಟು ಬಿಗಿದು, ಚಕ್ರವನ್ನು ಹಿಂದಕ್ಕೆ ತಿರುಗಿಸಿ ಬಟ್ಟೆ ತೆಗೆಯಿರಿ. ಸ್ಲೀವ್ ನಟ್ಟನ್ನೂ ಮರೆಯದೆ ಬಿಗಿಯಬೇಕು.

ಎಷ್ಟು ಬಲದಿಂದ ಬಿಗಿಯಬೇಕೆಂಬುದಕ್ಕೆ ಕೈಯ ಅಂದಾಜನ್ನು ನೆಚ್ಚುವುದಕ್ಕಿಂತ ಬಿಗಿಯುವ ಬಲವನ್ನು, ಅಂದರೆ ಟಾರ್ಕನ್ನು, ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಬಳಸುವುದು ಲೇಸು. ಸಣ್ಣ ಬೈಕುಗಳ ಹಿಂದಿನ ಆಕ್ಸಲ್ ನಟ್ಟಿಗೆ ಸಾಮಾನ್ಯವಾಗಿ 50ರಿಂದ 70 ನ್ಯೂಟನ್ ಮೀಟರ್ (ಟಾರ್ಕಿನ ಅಳತೆ) ಬೇಕಾಗುತ್ತದೆ, ದೊಡ್ಡ ಬೈಕುಗಳಿಗೆ ಇನ್ನೂ ಹೆಚ್ಚು. ನಿಖರವಾದ ಅಂಕಿ ಮ್ಯಾನುಯಲ್ಲಿನಲ್ಲಿದೆ. ಟಾರ್ಕ್ ವ್ರೆಂಚ್ ಇಲ್ಲದಿದ್ದರೆ, ಸಾಮಾನು ತೂಗುವ ಕೊಕ್ಕೆ ತಕ್ಕಡಿಯಿಂದಲೂ ಅಂದಾಜು ಸಿಗುತ್ತದೆ. ನಟ್ಟಿನ ನಡುವಿನಿಂದ 25 ಸೆಂ.ಮೀ. ದೂರದಲ್ಲಿ ಸ್ಪ್ಯಾನರಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಸ್ಪ್ಯಾನರಿಗೆ ಅಡ್ಡಲಾಗಿ ನೇರ ಎಳೆದಾಗ 24 ಕಿಲೋ ತೋರಿಸಿದರೆ ಅದು ಸುಮಾರು 60 ನ್ಯೂಟನ್ ಮೀಟರ್. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಅದರ ಮೇಲೆ ನಿಲ್ಲುವ ಅಭ್ಯಾಸದಿಂದ ಥ್ರೆಡ್ಡು ಹಾಳಾಗುತ್ತದೆ.

ನಂತರ ಅಡ್ಜಸ್ಟರ್ ನಟ್ಟನ್ನು ಒಂದು ಸ್ಪ್ಯಾನರಿನಿಂದ ಅಲುಗದಂತೆ ಹಿಡಿದು ಇನ್ನೊಂದರಿಂದ ಲಾಕ್ ನಟ್ಟು ಬಿಗಿಯಿರಿ. ಬ್ರೇಕಿನ ಪಟ್ಟಿಯ ನಟ್ಟು ಬಿಗಿದು ಹೊಸ ಸ್ಪ್ಲಿಟ್ ಪಿನ್ ಹಾಕಿ, ಅದರ ಕಾಲುಗಳನ್ನು ಪೂರ್ತಿ ಬಾಗಿಸಿ. ಕಿರೀಟದಂತೆ ಸೀಳುಗಳಿರುವ ನಟ್ಟಿನಲ್ಲಿ ಸೀಳಿಗೂ ಬೋಲ್ಟಿನ ತೂತಿಗೂ ನೇರ ಬರದಿದ್ದರೆ ಮುಂದಿನ ಸೀಳು ಬರುವ ತನಕ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಿ ಹೊಂದಿಸಬಾರದು. ಒಮ್ಮೆ ಬಾಗಿಸಿದ ಪಿನ್ನನ್ನು ನೇರಮಾಡಿ ಮತ್ತೆ ಹಾಕಿದರೆ ಬಾಗಿದ ಜಾಗದಲ್ಲೇ ಮುರಿಯುತ್ತದೆ. ಪಿನ್ ಸಿಗಲಿಲ್ಲವೆಂದು ಅದರ ಜಾಗಕ್ಕೆ ತೆಳು ತಂತಿ ಸುತ್ತಿ ಕಳಿಸುವುದನ್ನು ಒಪ್ಪಿಕೊಳ್ಳಬೇಡಿ. ಕೊನೆಗೆ ಬ್ರೇಕ್ ಪೆಡಲಿನ ಸಡಿಲನ್ನು ಹೊಂದಿಸಿ, ಸಾಮಾನ್ಯವಾಗಿ ಅದು 20ರಿಂದ 30 ಮಿ.ಮೀ. ಇರುತ್ತದೆ. ಚಕ್ರ ಸಲೀಸಾಗಿ ತಿರುಗುತ್ತದೆಯೇ, ಪೆಡಲ್ ಒತ್ತಿದಾಗ ಹಿಂದಿನ ದೀಪ ಹತ್ತುತ್ತದೆಯೇ ನೋಡಿ. ಹಿಂದೆ ಡಿಸ್ಕ್ ಬ್ರೇಕ್ ಇದ್ದರೆ ಪೆಡಲನ್ನು ಕೆಲವು ಸಲ ಒತ್ತಿ ಹಿಡಿತ ಬಂದಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಹೊರಡಿ. ಎಲ್ಲ ಬಿಗಿದ ಬಳಿಕ ಚೈನಿನ ಸಡಿಲನ್ನು ಮತ್ತೊಮ್ಮೆ ಅಳೆಯಿರಿ. ಬಿಗಿಯುವಾಗಲೇ ಬದಲಾಗಿರುವ ಸಾಧ್ಯತೆ ಇದ್ದೇ ಇದೆ.

ಚೈನ್ ಜೋಡಿಸುವ ಕೊಂಡಿಯಲ್ಲಿ ಲಾಕ್, ಅಂದರೆ ಒಂದು ತುದಿ ಮುಚ್ಚಿ ಇನ್ನೊಂದು ತುದಿ ತೆರೆದಿರುವ ತೆಳು ಕ್ಲಿಪ್ಪು, ಇದ್ದರೆ ಅದರ ದಿಕ್ಕನ್ನೂ ಗಮನಿಸಿ. ಆ ಕೊಂಡಿ ಮೇಲಿನ ಚೈನಿನಲ್ಲಿರುವಾಗ ಲಾಕಿನ ಮುಚ್ಚಿದ ತುದಿ ಬೈಕಿನ ಮುಂದಕ್ಕೆ ನೋಡುತ್ತಿರಬೇಕು. ತಿರುವುಮುರುವಾಗಿದ್ದರೆ ಏನಾದರೂ ತಗುಲಿದಾಗ ಲಾಕ್ ಸರಿದು ಹೊರಬರುತ್ತದೆ, ಚೈನ್ ಬಿಚ್ಚಿಕೊಳ್ಳುತ್ತದೆ.

ನಟ್ಟು ಏಕೆ ಸಡಿಲವಾಗುತ್ತದೆ

ನಟ್ಟು ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗಿ, ಬಿಗಿದ ಸ್ಪ್ರಿಂಗಿನಂತೆ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಭದ್ರತೆ ಇರುವುದು ಆ ಒತ್ತಡದಲ್ಲಿ. ನಾವು ಸ್ಪ್ಯಾನರಿಗೆ ಕೊಡುವ ಬಲದಲ್ಲಿ ಸುಮಾರು ಅರ್ಧ ಭಾಗ ನಟ್ಟಿನ ತಳದ ಉಜ್ಜಾಟಕ್ಕೆ, ನೂರಕ್ಕೆ ನಲವತ್ತರಷ್ಟು ಥ್ರೆಡ್ಡಿನ ಉಜ್ಜಾಟಕ್ಕೆ ಹೋಗಿ, ಉಳಿದ ಹತ್ತರಷ್ಟು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ತುಕ್ಕು, ಮಣ್ಣು ಕುಳಿತ ಥ್ರೆಡ್ಡಿನಲ್ಲಿ ಆ ಹತ್ತು ಕೂಡ ಉಳಿಯುವುದಿಲ್ಲ. ಕೈಗೆ ಬಹಳ ಬಿಗಿಯಾದಂತೆ ಅನಿಸಿದರೂ ಹಿಡಿತ ಹುಟ್ಟಿರುವುದಿಲ್ಲ. ಹಾಗೆಂದು ಥ್ರೆಡ್ಡಿಗೆ ಎಣ್ಣೆ ಹಚ್ಚಿ ಅದೇ ಟಾರ್ಕಿನಲ್ಲಿ ಬಿಗಿದರೆ ಬೋಲ್ಟು ಅಳತೆ ಮೀರಿ ಹಿಗ್ಗುತ್ತದೆ. ಮ್ಯಾನುಯಲ್ಲು ಎಣ್ಣೆ ಹಚ್ಚಲು ಹೇಳದಿದ್ದ ಕಡೆ ಥ್ರೆಡ್ಡನ್ನು ಶುಚಿಮಾಡಿ ಒಣಗಿಸಿ ಬಿಗಿಯುವುದೇ ಸರಿ.

ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ಅವರು 1969ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಒಂದು ವಿಷಯ ಸ್ಪಷ್ಟವಾಯಿತು: ಬೋಲ್ಟಿಗೆ ಅಡ್ಡಲಾಗಿ, ಅಂದರೆ ಜೋಡಿಸಿದ ಎರಡು ಭಾಗಗಳು ಒಂದರ ಮೇಲೊಂದು ಅತ್ತಿತ್ತ ಜಾರುವಂತೆ ನಡುಕ ಬಂದಾಗ ನಟ್ಟು ಅತಿ ಬೇಗ ತಾನೇ ತಿರುಗಿ ಸಡಿಲವಾಗುತ್ತದೆ. ಜಾರುವ ಗಳಿಗೆಯಲ್ಲಿ ಉಜ್ಜಾಟದ ಹಿಡಿತ ತಪ್ಪುವುದೇ ಇದಕ್ಕೆ ಕಾರಣ. ಆದ್ದರಿಂದ ಭಾಗಗಳು ಜಾರದಷ್ಟು ಒತ್ತಡದಲ್ಲಿ ಬಿಗಿಯುವುದೇ ಮೊದಲ ರಕ್ಷಣೆ, ಉಳಿದ ಲಾಕುಗಳೆಲ್ಲ ಅದರ ನಂತರದವು. ಬಣ್ಣ, ಗ್ರೀಸು ಮೆತ್ತಿದ ಮೇಲ್ಮೈಗಳ ನಡುವೆ ಬಿಗಿದ ಬೋಲ್ಟು ಆ ಪದರ ಚಪ್ಪಟೆಯಾದ ಕೂಡಲೇ ತನ್ನ ಹಿಗ್ಗನ್ನು ಕಳೆದುಕೊಳ್ಳುವುದರಿಂದ ಅಂತಹ ಜಾಗಗಳನ್ನು ಒರೆಸಿಯೇ ಬಿಗಿಯಬೇಕು.

ಇಂತಹ ಅಡ್ಡ ನಡುಕದ ಪರೀಕ್ಷೆಯಲ್ಲಿ ಸ್ಪ್ರಿಂಗ್ ವಾಷರಿನ ಬಗೆಗಿನ ನಮ್ಮ ನಂಬಿಕೆಯೂ ನಿಲ್ಲುವುದಿಲ್ಲ. ಸರಿಯಾಗಿ ಬಿಗಿದಾಗ ಅದು ಪೂರ್ತಿ ಚಪ್ಪಟೆಯಾಗಿ ಸಾದಾ ವಾಷರಿನಂತೆಯೇ ವರ್ತಿಸುತ್ತದೆ. ಅಡ್ಡ ನಡುಕಕ್ಕೆ ಅದು ತಡೆಯೊಡ್ಡುವುದಿಲ್ಲ. ಕಂಪನಿ ಹಾಕಿಕೊಟ್ಟಿರುವುದನ್ನು ತೆಗೆಯಬೇಡಿ, ಆದರೆ ಸಡಿಲವಾಗುತ್ತಿರುವ ಬೋಲ್ಟಿಗೆ ಇನ್ನೊಂದು ಸ್ಪ್ರಿಂಗ್ ವಾಷರ್ ತೂರಿಸಿ ಸಮಸ್ಯೆ ಮುಗಿಯಿತೆಂದು ಭಾವಿಸಬೇಡಿ. ಒಳಗೆ ನೈಲಾನ್ ಉಂಗುರವಿರುವ ನಟ್ಟು ಇದಕ್ಕಿಂತ ಎಷ್ಟೋ ಮೇಲು. ಅದು ಸಡಿಲವಾದರೂ ಕಳಚಿ ಬೀಳದೆ ಥ್ರೆಡ್ಡನ್ನು ಹಿಡಿದುಕೊಂಡಿರುತ್ತದೆ. ಬೆರಳಿನಿಂದಲೇ ಕೊನೆಯ ತನಕ ತಿರುಗುವಷ್ಟು ಅದರ ಉಂಗುರ ಸವೆದಿದ್ದರೆ ಹೊಸದನ್ನು ಹಾಕಿ.

ಥ್ರೆಡ್‌ಲಾಕರ್ ಎಂಬ ಅಂಟು ದ್ರವ ಬಹಳ ಉಪಯುಕ್ತ, ಆದರೆ ಎಲ್ಲೆಂದರಲ್ಲಿ ಹಾಕುವುದಲ್ಲ. ಲೋಹದ ಸಂಪರ್ಕದಲ್ಲಿ ಗಾಳಿಯಿಲ್ಲದ ಜಾಗದಲ್ಲಿ ಅದು ಗಟ್ಟಿಯಾಗುತ್ತದೆ. ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕು. ಥ್ರೆಡ್ಡಿನ ಎಣ್ಣೆ ಒರೆಸಿ ಒಂದೆರಡು ಹನಿ ಹಾಕಿದರೆ ಸಾಕು. ನೀಲಿ ಬಣ್ಣದ ಮಧ್ಯಮ ಬಗೆಯದನ್ನು ಸ್ಪ್ಯಾನರಿನಿಂದ ಬಿಚ್ಚಬಹುದು. ಕೆಂಪು ಬಣ್ಣದ್ದನ್ನು ಬಿಚ್ಚಲು ಬೋಲ್ಟನ್ನು ಸುಮಾರು 250 ಡಿಗ್ರಿಗೆ ಕಾಯಿಸಬೇಕಾಗುವುದರಿಂದ ಮನೆಯ ಕೆಲಸಕ್ಕೆ ಅದನ್ನು ತರಲೇಬೇಡಿ. ಸಾರಿ ಗಾರ್ಡ್, ಲೆಗ್ ಗಾರ್ಡ್, ಕ್ಯಾರಿಯರ್, ಚೈನ್ ಕವರಿನ ಬೋಲ್ಟುಗಳು ಲೋಹದ ಭಾಗಗಳಿಗೆ ಕೂರುವಲ್ಲಿ ನೀಲಿ ಬಗೆಯದು ಚೆನ್ನಾಗಿ ಹಿಡಿಯುತ್ತದೆ. ಪ್ಲಾಸ್ಟಿಕ್ಕಿಗೆ ತಾಗಿದರೆ ಕೆಲವು ಬಗೆಯ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಸೈಲೆನ್ಸರಿನ ಬಿಸಿಯನ್ನು ಅದು ತಾಳುವುದಿಲ್ಲ. ಪದೇ ಪದೇ ಬಿಚ್ಚಬೇಕಾದ ಆಕ್ಸಲ್ ನಟ್ಟಿಗೂ ಅದು ಬೇಡ. ಹಿಂದಿನ ಸ್ಪ್ರಾಕೆಟ್ಟಿನ ಬೋಲ್ಟುಗಳಲ್ಲಿ ಲಾಕ್ ಪ್ಲೇಟ್ ಇದ್ದರೆ ಅದರ ಕಿವಿಯನ್ನು ಬೋಲ್ಟಿನ ಚಪ್ಪಟೆ ಮುಖಕ್ಕೆ ಒತ್ತಿ ಮಡಚಿರಬೇಕು. ಮುಂದಿನ ಸ್ಪ್ರಾಕೆಟ್ಟಿನ ಪ್ಲೇಟು ಹಿಡಿದಿರುವ ಎರಡು ಸಣ್ಣ ಬೋಲ್ಟುಗಳು ಕವರಿನ ಒಳಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಚೈನ್ ಶುಚಿಮಾಡುವ ದಿನ ಅವನ್ನೂ ನೋಡಿ.

6 ಮಿ.ಮೀ. ಬೋಲ್ಟುಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕೆಂಬುದನ್ನು ನೆನಪಿಡಿ. 10ರ ಸ್ಪ್ಯಾನರನ್ನು ತುದಿಯಲ್ಲಿ ಹಿಡಿದು ಇಡೀ ತೋಳಿನ ಬಲ ಹಾಕುವುದರಿಂದಲೇ ಅಲ್ಯೂಮಿನಿಯಂ ಕೇಸುಗಳಲ್ಲಿ ಥ್ರೆಡ್ ಹೋಗುವುದು.

ಗುರುತು ಹಾಕುವುದು, ಮತ್ತೆ ನೋಡುವುದು

ಸರಿಯಾಗಿ ಬಿಗಿದ ಪ್ರತಿ ಮುಖ್ಯ ನಟ್ಟಿನ ಮೇಲಿಂದ ಪಕ್ಕದ ಲೋಹದ ತನಕ ಬಿಳಿ ಪೇಂಟ್ ಮಾರ್ಕರಿನಿಂದ ಒಂದು ನೇರ ಗೆರೆ ಎಳೆಯಿರಿ. ನಟ್ಟು ಸ್ವಲ್ಪ ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಸ್ಪ್ಯಾನರ್ ಮುಟ್ಟದೆ, ಬೆಳಿಗ್ಗೆ ಬೈಕು ತೆಗೆಯುವಾಗ ಒಂದು ನೋಟದಲ್ಲಿ ಆಕ್ಸಲ್ ನಟ್ಟು, ಬ್ರೇಕಿನ ಪಟ್ಟಿ, ಅಡ್ಜಸ್ಟರ್, ಹ್ಯಾಂಡಲ್ ಕ್ಲಾಂಪು, ಫುಟ್‌ರೆಸ್ಟ್ ಇವೆಲ್ಲವನ್ನೂ ಪರೀಕ್ಷಿಸಿದಂತಾಗುತ್ತದೆ. ಇಷ್ಟು ಅಗ್ಗವಾದ, ಇಷ್ಟು ನಂಬಬಹುದಾದ ಉಪಾಯ ನನಗೆ ಬೇರೆ ತಿಳಿದಿಲ್ಲ. ಸಾರಿ ಗಾರ್ಡಿನ ಬೋಲ್ಟುಗಳಿಗೂ ಗೆರೆ ಹಾಕಿ. ಹಿಂದೆ ಕುಳಿತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಒಂದು ಬೋಲ್ಟು ಬಿದ್ದು ಅದೇ ಗಾರ್ಡು ಚಕ್ರದ ಕಡೆಗೆ ವಾಲಿದರೆ ರಕ್ಷಣೆಗೆಂದು ಇಟ್ಟದ್ದೇ ಅಪಾಯವಾಗುತ್ತದೆ.

ಎಣ್ಣೆ ಹಾಕುವುದಕ್ಕೆ ಸರಿಯಾದ ಸಮಯ ಓಡಾಡಿ ಬಂದ ಮೇಲೆ, ಚೈನ್ ಇನ್ನೂ ಬೆಚ್ಚಗಿರುವಾಗ. 90 ದರ್ಜೆಯ ಗೇರ್ ಆಯಿಲನ್ನು ಕೆಳಗಿನ ಚೈನಿನ ಒಳಮುಖಕ್ಕೆ, ಪಟ್ಟಿಗಳ ಸಂದಿಗೆ ಬೀಳುವಂತೆ ಹನಿಹನಿಯಾಗಿ ಹಾಕಿ, ಚಕ್ರವನ್ನು ಕೈಯಿಂದ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಉಳಿದದ್ದನ್ನು ಒರೆಸಿ. ಚಕ್ರ ತಿರುಗಿದಾಗ ಒಳಮುಖದ ಎಣ್ಣೆ ಹೊರಕ್ಕೆ ಸರಿಯುತ್ತ ಪಿನ್ನುಗಳನ್ನು ತಲುಪುತ್ತದೆ. ಎಣ್ಣೆ ಟೈರಿಗಾಗಲಿ ಬ್ರೇಕಿಗಾಗಲಿ ತಾಗಬಾರದು. ತೆರೆದ ಚೈನಿಗೆ 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ತೊಯ್ದ ದಿನ ಆ ಸಂಜೆಯೇ ಹಾಕುವುದು ಒಳ್ಳೆಯದು. ಕರಾವಳಿ, ಮಲೆನಾಡಿನ ಕೆಂಪು ಮಣ್ಣು ಎಣ್ಣೆಯೊಂದಿಗೆ ಕಲಸಿಕೊಂಡು ಅರದಂತೆ ಉಜ್ಜುವುದರಿಂದ ಅಲ್ಲಿ ಒರೆಸದೆ ಎಣ್ಣೆ ಮೇಲೆ ಎಣ್ಣೆ ಹಾಕಬಾರದು. ಬಯಲುಸೀಮೆಯ ಕಪ್ಪು ಮಣ್ಣಿನ ರಸ್ತೆಗಳಲ್ಲಿ ಕೆಸರು ಸ್ಪ್ರಾಕೆಟ್ಟಿನ ಸುತ್ತ ಗಟ್ಟಿಯಾಗಿ ಕೂರುತ್ತದೆ. ಅದನ್ನು ಕೆರೆದು ತೆಗೆದ ನಂತರವೇ ಸಡಿಲು ಅಳೆಯಿರಿ.

ಚೈನ್ ಹದಮಾಡಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ, ಎಂಜಿನ್ ತಣಿದ ಬಳಿಕ, ಸಡಿಲನ್ನೂ ಬಿಳಿ ಗೆರೆಗಳನ್ನೂ ಒಮ್ಮೆ ನೋಡಿ. ಮೊದಲ ಸಡಿಲಿಕೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಈ ದೂರದಲ್ಲೇ. ಗೆರೆ ಮುರಿದಿದ್ದರೆ ಅದೇ ನಟ್ಟನ್ನು ಮತ್ತೆ ಬಿಗಿದು ಹೊರಡಬೇಡಿ. ಬಿಚ್ಚಿ, ಥ್ರೆಡ್ಡು ಶುಚಿಯಾಗಿದೆಯೇ, ನಡುವೆ ಬಣ್ಣವೋ ಮಣ್ಣೋ ಸಿಕ್ಕಿದೆಯೇ, ವಾಷರ್ ಬಿಟ್ಟುಹೋಗಿದೆಯೇ ಎಂದು ನೋಡಿ ಕಾರಣ ಸಿಕ್ಕ ಮೇಲೆ ಬಿಗಿಯಿರಿ. ಬ್ರೇಕಿನ ಪಟ್ಟಿಗೂ ಆಕ್ಸಲ್ಲಿಗೂ ಹಿಡಿಸುವ ಅಳತೆಯ ನಾಲ್ಕಾರು ಸ್ಪ್ಲಿಟ್ ಪಿನ್ನುಗಳನ್ನು ಸೀಟಿನ ಕೆಳಗಿನ ಟೂಲ್ ಕಿಟ್ಟಿನಲ್ಲಿ ಯಾವಾಗಲೂ ಇಟ್ಟುಕೊಂಡಿರಿ. ಬೇರೆಯವರ ಕೈಯಲ್ಲಿ ಚೈನ್ ಬಿಗಿಮಾಡಿಸಿದ ದಿನವೂ ಬೈಕು ಹತ್ತುವ ಮೊದಲು ಕುಕ್ಕರಗಾಲಲ್ಲಿ ಕುಳಿತು ಆ ಪಿನ್ ಇದೆಯೇ ಎಂದು ನೋಡಿಕೊಳ್ಳಿ.